ರೆಕ್ಕೆ ಬಿಚ್ಚುವ ಕಾರು, ಮೂಗು ಚಾಚಿದ ಕಾರು

ಅಮೆರಿಕದ ಲಾಸ್ ಏಂಜಲೀಸ್ ನಗರದ ಗುಜರಿ ಅಂಗಳವೊಂದರಲ್ಲಿ ದಶಕಗಳ ಕಾಲ ಧೂಳು ಹೊದ್ದು ನಿಂತಿದ್ದ ಒಂದು ಕಾರು ೨೦೨೪ರ ಅಕ್ಟೋಬರ್‌ನಲ್ಲಿ ಹರಾಜಿಗೆ ಬಂತು. ಅದನ್ನು ಯಾರೂ ಹೊಸದಾಗಿ ರಿಪೇರಿ ಮಾಡಿರಲಿಲ್ಲ, ಬಣ್ಣ ಬಳಿದಿರಲಿಲ್ಲ. ಇದ್ದಂತೆಯೇ ಮಾರಾಟಕ್ಕಿಟ್ಟಿದ್ದರು. ಹರಾಜುಗಾರನ ಸುತ್ತಿಗೆ ಬಿದ್ದಾಗ ಅದರ ಬೆಲೆ ೯೩ ಲಕ್ಷ ೫೫ ಸಾವಿರ ಡಾಲರ್! ಆಗಿನ ವಿನಿಮಯ ದರದಲ್ಲಿ ಸುಮಾರು ೭೮ ಕೋಟಿ ರೂಪಾಯಿ.

ಅದು ೧೯೫೬ರಲ್ಲಿ ತಯಾರಾದ ಮರ್ಸಿಡಿಸ್-ಬೆಂಜ್ ೩೦೦ ಎಸ್ಎಲ್. ಕಡಲಹಕ್ಕಿಯ ರೆಕ್ಕೆಯಂತೆ ಬಾಗಿಲುಗಳು ಮೇಲಕ್ಕೆ ತೆರೆದುಕೊಳ್ಳುವುದರಿಂದ ಜಗತ್ತು ಅದನ್ನು 'ಗಲ್‌ವಿಂಗ್' ಎಂದು ಕರೆಯುತ್ತದೆ. ಈ ಕಾರಿನ ಮೈ ಅಲ್ಯುಮಿನಿಯಂನದು. ಅಂಥವು ತಯಾರಾದದ್ದು ಕೇವಲ ೨೯.

ಹಳೆಯ ಕಾರುಗಳ ಸಂಗ್ರಾಹಕರ ಬಾಯಲ್ಲಿ ಇದರ ಜೊತೆಗೆ ಸದಾ ಕೇಳಿಬರುವ ಇನ್ನೊಂದು ಹೆಸರು ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್. ಉದ್ದನೆಯ ಮೂಗು, ಗಿಡ್ಡ ಬಾಲ, ನಿಂತಲ್ಲೇ ಓಡುತ್ತಿರುವಂತೆ ಕಾಣುವ ಮೈಕಟ್ಟು. ಮೊದಲನೆಯದು ಜರ್ಮನಿಯ ಕೂಸು, ಎರಡನೆಯದು ಇಂಗ್ಲೆಂಡಿನದು. ಎರಡೂ ತಮ್ಮ ಕಾಲದ ಅತಿ ವೇಗದ ಕಾರುಗಳ ಸಾಲಿನಲ್ಲಿದ್ದವು. ಆದರೆ ಇಂದು ಒಂದರ ಬೆಲೆ ಇನ್ನೊಂದರ ಹತ್ತರಷ್ಟು! ಏಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಭೌತವಿಜ್ಞಾನ, ಗಣಿತ, ಅರ್ಥಶಾಸ್ತ್ರ ಮೂರೂ ಎದುರಾಗುತ್ತವೆ.

ಯುದ್ಧದ ಬೂದಿಯಿಂದ

ಎರಡೂ ಕಾರುಗಳ ಬೇರು ಎರಡನೆಯ ಮಹಾಯುದ್ಧದಲ್ಲಿದೆ. ಜಾಗ್ವಾರ್ ಕಂಪೆನಿಯ ಊರಾದ ಕೊವೆಂಟ್ರಿಯ ಮೇಲೆ ೧೯೪೦ರಲ್ಲಿ ಜರ್ಮನ್ ವಿಮಾನಗಳು ಬಾಂಬಿನ ಮಳೆಗರೆದವು. ಬೆಂಕಿ ಬಿದ್ದರೆ ನಂದಿಸಲೆಂದು ಕಾರ್ಖಾನೆಯಲ್ಲಿ ರಾತ್ರಿ ಕಾವಲು ಕಾಯಬೇಕಿತ್ತು. ಕಂಪೆನಿಯ ಒಡೆಯ ವಿಲಿಯಂ ಲಯನ್ಸ್ ತಮ್ಮ ಮುಖ್ಯ ಎಂಜಿನಿಯರುಗಳೊಂದಿಗೆ ಈ ಕಾವಲಿನ ರಾತ್ರಿಗಳಲ್ಲಿ ಕುಳಿತು, ಯುದ್ಧ ಮುಗಿದ ಮೇಲೆ ಎಂಥ ಎಂಜಿನ್ ಮಾಡಬೇಕೆಂದು ಚರ್ಚಿಸಿದರು. ಹಾಗೆ ರೂಪುಗೊಂಡದ್ದೇ ೧೯೪೮ರಲ್ಲಿ ಹೊರಬಂದ 'ಎಕ್ಸ್‌ಕೆ' ಎಂಜಿನ್. ಮುಂದೆ ಇ-ಟೈಪ್‌ನ ಹೃದಯವಾದದ್ದು ಇದೇ.

ಅತ್ತ ಸ್ಟುಟ್‌ಗಾರ್ಟ್‌ನಲ್ಲಿದ್ದ ಮರ್ಸಿಡಿಸ್ ಕಾರ್ಖಾನೆಯೂ ಬಾಂಬಿಗೆ ಸಿಕ್ಕಿ ಬಹುಪಾಲು ನಾಶವಾಗಿತ್ತು. ೧೯೫೨ರಲ್ಲಿ ಅದು ಮತ್ತೆ ಕಾರು ಪಂದ್ಯಗಳಿಗೆ ಇಳಿಯಲು ನಿರ್ಧರಿಸಿದಾಗ ಹೊಸ ಎಂಜಿನ್ ಮಾಡುವಷ್ಟು ಹಣವಾಗಲಿ ಸಮಯವಾಗಲಿ ಇರಲಿಲ್ಲ. ಕೈಯಲ್ಲಿದ್ದದ್ದು ದೊಡ್ಡ ಸವಾರಿ ಕಾರಿಗೆಂದು ಮಾಡಿದ್ದ ಭಾರದ ಎಂಜಿನ್ ಮಾತ್ರ. ಎಂಜಿನ್ ಹಗುರಾಗದಿದ್ದರೆ ಉಳಿದದ್ದನ್ನೆಲ್ಲ ಹಗುರ ಮಾಡಬೇಕು. ಎಂಜಿನಿಯರ್ ರುಡಾಲ್ಫ್ ಊಲೆನ್‌ಹೌಟ್ ಹಿಡಿದದ್ದು ಈ ದಾರಿಯನ್ನು.

ತ್ರಿಕೋನಗಳ ಪಂಜರ

ನಾಲ್ಕು ಕಡ್ಡಿಗಳನ್ನು ತುದಿಗಳಲ್ಲಿ ಗುಂಡುಸೂಜಿಯಿಂದ ಸೇರಿಸಿ ಒಂದು ಚೌಕ ಮಾಡಿ. ಒಂದು ಮೂಲೆಯನ್ನು ಒತ್ತಿದರೆ ಅದು ಓರೆಯಾಗುತ್ತದೆ. ಮೂರು ಕಡ್ಡಿಗಳಿಂದ ತ್ರಿಕೋನ ಮಾಡಿ ಒತ್ತಿ. ಕಡ್ಡಿ ಮುರಿಯಬಹುದೇ ಹೊರತು ಆಕಾರ ಬದಲಾಗದು. ಪ್ರತಿ ಕಡ್ಡಿಯೂ ಎಳೆತವನ್ನೋ ಒತ್ತನ್ನೋ ಮಾತ್ರ ಹೊರುತ್ತದೆ, ಬಾಗುವ ಪ್ರಮೇಯವೇ ಬರುವುದಿಲ್ಲ. ರೈಲ್ವೆ ಸೇತುವೆಗಳ ಕಬ್ಬಿಣದ ಪಟ್ಟಿಗಳಲ್ಲಿ, ಮಂಗಳೂರು ಹಂಚಿನ ಮನೆಯ ಮಾಡಿನ ಕೆಳಗಿನ ಮರದ ಚೌಕಟ್ಟಿನಲ್ಲಿ ಕಾಣುವುದು ಇದೇ ತತ್ತ್ವ.

ಊಲೆನ್‌ಹೌಟ್ ಸಣ್ಣ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದು ಒಂದು ಪಂಜರ ಕಟ್ಟಿದರು. ೧೯೫೨ರ ಪಂದ್ಯದ ಕಾರಿನಲ್ಲಿ ಈ ಪಂಜರದ ತೂಕ ಸುಮಾರು ೫೦ ಕೆ.ಜಿ. ಮಾತ್ರ. ಪಂಜರ ಗಟ್ಟಿಯಾಗಿರಬೇಕಾದರೆ ಅದರ ಪಕ್ಕದ ಗೋಡೆ ಎತ್ತರವಿರಬೇಕಾಯಿತು. ಮಾಮೂಲಿ ಬಾಗಿಲಿಗೆ ಅಲ್ಲಿ ಜಾಗವೇ ಇಲ್ಲ! ಹಾಗಾಗಿ ಬಾಗಿಲನ್ನು ಮಾಡಿಗೆ ಜೋಡಿಸಿ ಮೇಲಕ್ಕೆ ತೆರೆಯುವಂತೆ ಮಾಡಿದರು. ಜನ ಬೆರಗಿನಿಂದ ನೋಡುವ ಆ ರೆಕ್ಕೆಗಳು ಶೋಕಿಗಾಗಿ ಹುಟ್ಟಿದ್ದಲ್ಲ. ತ್ರಿಕೋನದ ಬಲಕ್ಕೆ ತೆತ್ತ ಬೆಲೆ ಅವು. ಒಳಗೆ ಕೂರುವಾಗ ಕಾಲಿಗೆ ಅಡ್ಡವಾಗದಂತೆ ಸ್ಟೀರಿಂಗ್ ಚಕ್ರವನ್ನೂ ಬಗ್ಗಿಸುವ ಏರ್ಪಾಡು ಮಾಡಬೇಕಾಯಿತು.

ಆ ಕಾರು ೧೯೫೨ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನೂ ಮೆಕ್ಸಿಕೊದ ಕಠಿಣ ರಸ್ತೆ ಪಂದ್ಯವನ್ನೂ ಗೆದ್ದಿತು. ನ್ಯೂಯಾರ್ಕಿನಲ್ಲಿ ಯುರೋಪಿನ ಕಾರುಗಳನ್ನು ಆಮದು ಮಾಡಿಕೊಳ್ಳುತ್ತಿದ್ದ ಮ್ಯಾಕ್ಸ್ ಹಾಫ್‌ಮನ್, ಇಂಥದೇ ಕಾರನ್ನು ಸಾರ್ವಜನಿಕರಿಗೂ ಮಾಡಿಕೊಡಿ ಎಂದು ಬೆನ್ನುಬಿದ್ದರು. ೧೯೫೪ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪ್ರದರ್ಶನದಲ್ಲಿ ೩೦೦ ಎಸ್ಎಲ್ ಅನಾವರಣಗೊಂಡಿತು.

ಅದರ ಎಂಜಿನ್ನಿನಲ್ಲೂ ಒಂದು ವಿಶೇಷವಿತ್ತು. ಆಗಿನ ಕಾರುಗಳಲ್ಲಿ ಕಾರ್ಬುರೇಟರ್ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಕಳಿಸುತ್ತಿತ್ತು. ಇದರಲ್ಲಿ ಬಾಷ್ ಕಂಪೆನಿಯ ಪಂಪು ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುತ್ತಿತ್ತು. ಯುದ್ಧವಿಮಾನಗಳಲ್ಲಿ ಪಳಗಿದ ಈ ವಿದ್ಯೆ ನಾಲ್ಕು ಸ್ಟ್ರೋಕಿನ ಮಾರಾಟದ ಕಾರಿಗೆ ಬಂದದ್ದು ಇದೇ ಮೊದಲು. ಫಲವಾಗಿ ೩ ಲೀಟರ್ ಎಂಜಿನ್ನಿನಿಂದ ೨೧೫ ಅಶ್ವಶಕ್ತಿ ದೊರೆಯಿತು. ನಮ್ಮ ಹಳೆಯ ಅಂಬಾಸಡರ್ ಕಾರಿನದು ಒಂದೂವರೆ ಲೀಟರಿನ ಎಂಜಿನ್, ಸುಮಾರು ೫೦ ಅಶ್ವಶಕ್ತಿ ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿದೀತು. ೧೯೫೧ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಗೊಂಡ ಮೈಕೊ ಕಾರ್ಖಾನೆ ಇದೇ ಬಾಷ್ ಸಂಸ್ಥೆಯ ಸಹಯೋಗದಲ್ಲಿ ಡೀಸೆಲ್ ಪಂಪುಗಳನ್ನು ತಯಾರಿಸುತ್ತಿತ್ತು. ನಮ್ಮ ಲಾರಿ ಬಸ್ಸುಗಳ ಆ ಪಂಪು, ಗಲ್‌ವಿಂಗ್‌ನ ಪಂಪು ಎರಡೂ ಒಂದೇ ವಂಶದವು.

ಲೆಕ್ಕದಿಂದ ಹುಟ್ಟಿದ ಚೆಲುವು

ಜಾಗ್ವಾರ್ ಇ-ಟೈಪ್‌ನ ಆಕಾರವನ್ನು ರೂಪಿಸಿದವರು ಮಾಲ್ಕಂ ಸೇಯರ್. ಅವರು ಚಿತ್ರಕಾರರಲ್ಲ. ಬ್ರಿಸ್ಟಲ್ ವಿಮಾನ ಕಂಪೆನಿಯಲ್ಲಿ ದುಡಿದಿದ್ದ ವಾಯುಚಲನ ತಜ್ಞರು. ಬೇರೆಯವರು ಜೇಡಿಮಣ್ಣಿನಲ್ಲಿ ಕಾರಿನ ಮಾದರಿ ಕೆತ್ತುತ್ತಿದ್ದ ಕಾಲದಲ್ಲಿ ಅವರು ಸ್ಲೈಡ್ ರೂಲ್ ಮತ್ತು ಲಾಗರಿದಮ್ ಪುಸ್ತಕ ಹಿಡಿದು ಮೈಯ ಪ್ರತಿ ವಕ್ರರೇಖೆಯ ಬಿಂದುಗಳನ್ನು ಲೆಕ್ಕಹಾಕುತ್ತಿದ್ದರು. ಹತ್ತನೆಯ ತರಗತಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಗುರುತಿಸಿ ರೇಖೆ ಎಳೆಯುವಾಗ 'ಇದರಿಂದ ಏನು ಪ್ರಯೋಜನ?' ಎಂದು ಕೇಳುವ ಮಕ್ಕಳಿಗೆ ಈ ಕಾರನ್ನು ತೋರಿಸಬಹುದು.

ಸೇಯರ್ ಮೊದಲು ರೂಪಿಸಿದ್ದ ಡಿ-ಟೈಪ್ ಪಂದ್ಯದ ಕಾರು ೧೯೫೫, ೫೬, ೫೭ ಹೀಗೆ ಸತತ ಮೂರು ವರ್ಷ ಲೆ ಮಾನ್ ಗೆದ್ದಿತ್ತು. ಅದರ ನಡುಭಾಗ ವಿಮಾನದಂತೆ ತಗಡಿನ ಚಿಪ್ಪು. ಅಂದರೆ ಹೊರಮೈಯೇ ಭಾರ ಹೊರುವ ಎಲುಬು. ಇ-ಟೈಪ್ ಇದೇ ಕ್ರಮವನ್ನು ಅನುಸರಿಸಿತು. ಎಂಜಿನ್ ಹೊರಲು ಮಾತ್ರ ಮುಂದೆ ಕೊಳವೆಗಳ ಚೌಕಟ್ಟು. ಗಲ್‌ವಿಂಗ್‌ನ ಬಲ ಒಳಗಿನ ಪಂಜರದಲ್ಲಿದ್ದರೆ, ಇ-ಟೈಪ್‌ನ ಬಲ ಮೊಟ್ಟೆಯಂತೆ ಚಿಪ್ಪಿನಲ್ಲಿದೆ.

೧೯೬೧ರ ಮಾರ್ಚ್ ೧೫ರಂದು ಜಿನೀವಾದ ಉದ್ಯಾನವೊಂದರಲ್ಲಿ ಪತ್ರಕರ್ತರ ಮುಂದೆ ಕಾರು ಪ್ರತ್ಯಕ್ಷವಾಯಿತು. ಅದರಲ್ಲಿ ಕುಳಿತು ನೋಡಲು ನೂಕುನುಗ್ಗಲು. ಇನ್ನೊಂದು ಕಾರನ್ನು ಕೂಡಲೇ ತರಬೇಕೆಂದು ಲಯನ್ಸ್ ಆಜ್ಞೆ ಮಾಡಿದರು. ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಕೊವೆಂಟ್ರಿಯಿಂದ ಹೊರಟು, ಹಡಗಿನಲ್ಲಿ ಕಡಲು ದಾಟಿ, ರಾತ್ರಿಯಿಡೀ ಓಡಿಸಿ ಮರುದಿನ ಬೆಳಿಗ್ಗೆ ಜಿನೀವಾ ಮುಟ್ಟಿದರು. ಕಾರಿನ ತಾಕತ್ತಿಗೆ ಇದಕ್ಕಿಂತ ಜಾಹೀರಾತು ಬೇಕೆ?

ನಿಜವಾದ ಬೆರಗು ಬೆಲೆಯಲ್ಲಿತ್ತು. ಗಂಟೆಗೆ ಸುಮಾರು ೨೪೦ ಕಿ.ಮೀ. ಓಡುವ ತೆರೆದ ಕಾರು ಇಂಗ್ಲೆಂಡಿನಲ್ಲಿ ತೆರಿಗೆ ಸೇರಿ ೨,೦೯೭ ಪೌಂಡಿಗೆ ಸಿಗುತ್ತಿತ್ತು. ಅಷ್ಟೇ ವೇಗದ ಬೇರೆ ಕಾರುಗಳಿಗೆ ಹೆಚ್ಚು ಕಡಿಮೆ ಎರಡರಷ್ಟು ತೆರಬೇಕಿತ್ತು. ೧೯೪೮ರಿಂದಲೂ ತಯಾರಾಗುತ್ತಿದ್ದ ಎಂಜಿನ್ನನ್ನೇ ಬಳಸಿದ್ದರಿಂದ ಅದಕ್ಕೆ ಹಾಕಿದ ಬಂಡವಾಳ ಆ ಹೊತ್ತಿಗೆ ಮರಳಿ ಬಂದಾಗಿತ್ತು.

ಎರಡು ಕಾರುಗಳ ಜಾತಕ

ಮರ್ಸಿಡಿಸ್ ೩೦೦ ಎಸ್ಎಲ್ ಗಲ್‌ವಿಂಗ್: ತಯಾರಿಕೆ ೧೯೫೪-೫೭. ಸಂಖ್ಯೆ ೧,೪೦೦. ಎಂಜಿನ್ ೨,೯೯೬ ಸಿ.ಸಿ., ಆರು ಸಿಲಿಂಡರ್, ೨೧೫ ಅಶ್ವಶಕ್ತಿ. ಡ್ರಮ್ ಬ್ರೇಕು. ಗರಿಷ್ಠ ವೇಗ ಹಿಂದಿನ ಅಚ್ಚಿನ ಗೇರಿಗೆ ತಕ್ಕಂತೆ ಗಂಟೆಗೆ ೨೩೫ರಿಂದ ೨೬೦ ಕಿ.ಮೀ.

ಜಾಗ್ವಾರ್ ಇ-ಟೈಪ್ (ಮೊದಲ ಮಾದರಿ): ತಯಾರಿಕೆ ೧೯೬೧ರಿಂದ. ಎಂಜಿನ್ ೩,೭೮೧ ಸಿ.ಸಿ., ಆರು ಸಿಲಿಂಡರ್, ೨೬೫ ಅಶ್ವಶಕ್ತಿ. ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕು. ಗರಿಷ್ಠ ವೇಗ ಸುಮಾರು ೨೪೦ ಕಿ.ಮೀ. ತಯಾರಿಕೆ ನಿಲ್ಲುವವರೆಗಿನ ಎಲ್ಲ ಮಾದರಿಗಳೂ ಸೇರಿ ೭೨ ಸಾವಿರಕ್ಕೂ ಹೆಚ್ಚು.

ಓಡುವುದಕ್ಕಿಂತ ನಿಲ್ಲುವುದು ಕಷ್ಟ

ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ ೬೦ ಕಿ.ಮೀ. ವೇಗದ ಕಾರನ್ನು ನಿಲ್ಲಿಸಲು ಬೇಕಾದ್ದಕ್ಕಿಂತ ೨೪೦ ಕಿ.ಮೀ. ವೇಗದ ಕಾರನ್ನು ನಿಲ್ಲಿಸುವಾಗ ೧೬ ಪಟ್ಟು ಶಕ್ತಿಯನ್ನು ಬ್ರೇಕುಗಳು ಶಾಖವಾಗಿ ಮಾರ್ಪಡಿಸಬೇಕು. ಡ್ರಮ್ ಬ್ರೇಕಿನಲ್ಲಿ ಈ ಶಾಖ ಮುಚ್ಚಿದ ಡಬ್ಬಿಯೊಳಗೆ ಸಿಕ್ಕಿಕೊಳ್ಳುತ್ತದೆ. ಡ್ರಮ್ ಕಾದು ಹಿಗ್ಗಿ ಒಳಗಿನ ಪಟ್ಟಿಗಳಿಂದ ದೂರ ಸರಿಯುತ್ತದೆ, ಪಟ್ಟಿಗಳ ಹಿಡಿತವೂ ಸಡಿಲುತ್ತದೆ. ಡಿಸ್ಕ್ ಬ್ರೇಕಿನ ಬಿಲ್ಲೆ ಬಯಲಿನಲ್ಲಿರುವುದರಿಂದ ಗಾಳಿಗೆ ಬೇಗ ತಣಿಯುತ್ತದೆ. ಗಲ್‌ವಿಂಗ್‌ಗೆ ಡಿಸ್ಕ್ ಬ್ರೇಕು ಕೊನೆಯವರೆಗೂ ಬರಲಿಲ್ಲ. ಏಳು ವರ್ಷ ತಡವಾಗಿ ಹುಟ್ಟಿದ ಇ-ಟೈಪ್‌ಗೆ ಅದು ಹುಟ್ಟಿನಿಂದಲೇ ಬಂತು.

ತಿರುವುಗಳಲ್ಲೂ ವ್ಯತ್ಯಾಸವಿದೆ. ಗಲ್‌ವಿಂಗ್‌ನ ಹಿಂದಿನ ಅಚ್ಚು ಎರಡು ತುಂಡಾಗಿದ್ದು, ಒಳತುದಿಯಲ್ಲಿ ಕೀಲಿನಂತೆ ತೂಗಾಡುತ್ತದೆ. ಚಾಲಕ ತಿರುವಿನ ನಡುವೆ ಹೆದರಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಮೇಲೇಳುತ್ತದೆ. ಆಗ ಗಾಲಿಗಳ ಬುಡ ಒಳಕ್ಕೆ ಮಡಚಿಕೊಳ್ಳುತ್ತದೆ. ಟೈರು ನೆಲ ಕಚ್ಚುವುದು ಕಡಿಮೆಯಾಗಿ ಕಾರಿನ ಬಾಲ ಬೀಸಿ ತಿರುಗಿಬಿಡುತ್ತದೆ. ನುರಿತ ಚಾಲಕರಿಗೆ ಇದು ಗೊತ್ತಿತ್ತು. ಹಣವಿದ್ದ ಮಾತ್ರಕ್ಕೆ ಕೊಂಡವರಿಗೆ ಗೊತ್ತಿರಲಿಲ್ಲ. ೧೯೫೭ರಲ್ಲಿ ಗಲ್‌ವಿಂಗ್ ಬದಲಿಗೆ ಬಂದ ತೆರೆದ ಮೈಯ ಮಾದರಿಯಲ್ಲಿ ಈ ಕೀಲನ್ನು ತಗ್ಗಿಸಿ ದೋಷವನ್ನು ಬಹಳಷ್ಟು ಕಡಿಮೆ ಮಾಡಿದರು. ಇ-ಟೈಪ್‌ನಲ್ಲಾದರೋ ಹಿಂದಿನ ಗಾಲಿಗಳು ತಿರುವಿನಲ್ಲೂ ಬಹುಮಟ್ಟಿಗೆ ನೆಟ್ಟಗೇ ಇರುವಂಥ ಸ್ವತಂತ್ರ ತೂಗುವ್ಯವಸ್ಥೆ ಇತ್ತು.

ಸಂಗ್ರಾಹಕರ ತಕ್ಕಡಿ

ಹಾಗಾದರೆ ಓಡಿಸಲು ಹೆಚ್ಚು ಸುರಕ್ಷಿತವಾದ ಇ-ಟೈಪ್‌ಗೇ ಹೆಚ್ಚು ಬೆಲೆ ಇರಬೇಕಲ್ಲವೆ? ಸಂಗ್ರಾಹಕರ ತಕ್ಕಡಿ ಹಾಗೆ ತೂಗುವುದಿಲ್ಲ.

ಅಮೆರಿಕದಲ್ಲಿ ಹೊಸದಾಗಿದ್ದಾಗ ಗಲ್‌ವಿಂಗ್ ಬೆಲೆ ೬,೮೨೦ ಡಾಲರ್, ಇ-ಟೈಪ್‌ನದು ೫,೫೯೫ ಡಾಲರ್. ನಡುವೆ ಏಳು ವರ್ಷದ ಅಂತರವಿದ್ದರೂ ಒಂದಕ್ಕೊಂದು ಹತ್ತಿರವೇ. ಇಂದು ಒಳ್ಳೆಯ ಸ್ಥಿತಿಯ ಉಕ್ಕಿನ ಮೈಯ ಗಲ್‌ವಿಂಗ್ ಹತ್ತು ಲಕ್ಷ ಡಾಲರ್ ದಾಟುತ್ತದೆ. ಮೊದಲ ಮಾದರಿಯ ಇ-ಟೈಪ್ ಸಾಮಾನ್ಯವಾಗಿ ಒಂದರಿಂದ ಎರಡು ಲಕ್ಷ ಡಾಲರಿನ ಆಸುಪಾಸಿನಲ್ಲಿರುತ್ತದೆ. ಮುಖ್ಯ ಕಾರಣ ವಿರಳತೆ. ಒಂದು ಗಲ್‌ವಿಂಗ್‌ಗೆ ೫೦ಕ್ಕೂ ಹೆಚ್ಚು ಇ-ಟೈಪ್‌ಗಳು ತಯಾರಾಗಿವೆ. ಆದರೆ ಬೆಲೆಯ ಅಂತರ ೫೦ ಪಟ್ಟು ಇಲ್ಲ. ಅಂದರೆ ವಿರಳತೆಯೊಂದೇ ಬೆಲೆ ಕಟ್ಟುವುದಿಲ್ಲ. ಕಾರಿನ ಚೆಲುವು, ಪಂದ್ಯಗಳ ಕೀರ್ತಿ, ತಾಂತ್ರಿಕ ಇತಿಹಾಸದಲ್ಲಿ ಅದರ ಸ್ಥಾನ ಎಲ್ಲವೂ ಸೇರುತ್ತವೆ. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ೧೯೯೬ರಲ್ಲಿ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡದ್ದು ಇ-ಟೈಪನ್ನು.

ತಮಾಷೆಯೆಂದರೆ, ಇ-ಟೈಪ್‌ಗಳಲ್ಲೇ ಹೆಚ್ಚು ಬೆಲೆ ಬಾಳುವುದು ಹೆಚ್ಚು ಅನಾನುಕೂಲವಾದ ಕಾರು! ಮೊದಲ ಕೆಲವು ನೂರು ಕಾರುಗಳ ಬಾನೆಟ್ ತೆರೆಯಲು ಹೊರಗಿನಿಂದ ಕೀಲಿ ಹಾಕಿ ತಿರುಗಿಸಬೇಕಿತ್ತು. ಒಳಗಿನ ನೆಲ ಚಪ್ಪಟೆಯಾಗಿದ್ದು, ಎತ್ತರದ ಚಾಲಕನಿಗೆ ಕಾಲು ಚಾಚಲು ಜಾಗವಿರಲಿಲ್ಲ. ಮೊದಲನೆಯ ಗೇರು ಹಾಕುವುದಕ್ಕೂ ಅಭ್ಯಾಸ ಬೇಕಿತ್ತು. ಮುಂದೆ ಇವನ್ನೆಲ್ಲ ಸರಿಪಡಿಸಿದರು. ೧೯೬೪ರಲ್ಲಿ ಬಂದ ೪.೨ ಲೀಟರಿನ ಕಾರು ಎಲ್ಲ ರೀತಿಯಿಂದಲೂ ಹೆಚ್ಚು ಅನುಕೂಲ. ಆದರೂ ಸಂಗ್ರಾಹಕ ಹುಡುಕುವುದು ಆ ಚಪ್ಪಟೆ ನೆಲದ ಕಾರನ್ನೇ. ಅವನಿಗೆ ಬೇಕಾದದ್ದು ಸುಖವಲ್ಲ, ಮೊದಲಿನ ರೂಪ.

ತೇರಿನ ಗಾಲಿ ಬದಲಾದರೆ

ಇಲ್ಲಿಂದ ಹುಟ್ಟುವ ಪ್ರಶ್ನೆ ಮಾತ್ರ ತೊಡಕಿನದು. ಯಾವುದು ಅಸಲು? ಊರಿನ ತೇರಿಗೆ ಒಂದು ವರ್ಷ ಗಾಲಿ ಬದಲಿಸುತ್ತಾರೆ, ಮತ್ತೊಂದು ವರ್ಷ ಅಚ್ಚು, ಇನ್ನೊಮ್ಮೆ ಕೆತ್ತನೆಯ ಹಲಗೆ. ಆದರೂ ಊರವರಿಗೆ ಅದು ಅಜ್ಜನ ಕಾಲದ ತೇರೇ. ಕಾರಿನ ವಿಷಯದಲ್ಲಿ ಸಂಗ್ರಾಹಕರು ಇಷ್ಟು ಉದಾರಿಗಳಲ್ಲ. ಷಾಸಿಯ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ಗೇರುಪೆಟ್ಟಿಗೆಯ ಸಂಖ್ಯೆ ಎಲ್ಲವೂ ಕಾರ್ಖಾನೆಯ ದಾಖಲೆಗೆ ತಾಳೆಯಾಗಬೇಕು. ಎರಡೂ ಕಂಪೆನಿಗಳ ಹಳೆಯ ದಾಖಲೆಗಳು ಜೋಪಾನವಾಗಿರುವುದರಿಂದ ಈ ತಾಳೆ ನೋಡುವುದು ಸಾಧ್ಯವಾಗಿದೆ.

ಆದರೆ ದಾಖಲೆಯೂ ಕೆಲವೊಮ್ಮೆ ಗೊಂದಲ ಹುಟ್ಟಿಸುತ್ತದೆ. ಪಂದ್ಯಕ್ಕೆಂದು ೧೮ ಹಗುರ ಇ-ಟೈಪ್‌ಗಳನ್ನು ಮಾಡಲು ಜಾಗ್ವಾರ್ ಸಂಖ್ಯೆಗಳನ್ನು ಮೀಸಲಿಟ್ಟಿತ್ತು. ೧೯೬೩-೬೪ರಲ್ಲಿ ತಯಾರಾದದ್ದು ೧೨ ಮಾತ್ರ. ಉಳಿದ ೬ ಸಂಖ್ಯೆಗಳು ಐವತ್ತು ವರ್ಷ ಖಾಲಿ ಉಳಿದವು. ೨೦೧೪ರಲ್ಲಿ ಕಂಪೆನಿ ಅವೇ ಸಂಖ್ಯೆಗಳಿಗೆ ೬ ಹೊಸ ಕಾರುಗಳನ್ನು ಹಳೆಯ ವಿನ್ಯಾಸದಂತೆಯೇ ಮಾಡಲು ಹೊರಟಿತು. ಆ ವೇಳೆಗೆ ಜಾಗ್ವಾರ್ ಭಾರತದ ಟಾಟಾ ಮೋಟಾರ್ಸ್ ಒಡೆತನಕ್ಕೆ ಬಂದು ಆರು ವರ್ಷವಾಗಿತ್ತು! ಆ ಕಾರುಗಳನ್ನು ೧೯೬೩ರವು ಎನ್ನಬೇಕೋ ೨೦೧೪ರವು ಎನ್ನಬೇಕೋ? ಚರ್ಚೆ ಮುಗಿದಿಲ್ಲ.

ಭಾರತ ಸರ್ಕಾರವೂ ೨೦೨೧ರ ಜುಲೈನಲ್ಲಿ ಈ ಬಗ್ಗೆ ನಿಯಮ ರೂಪಿಸಿತು. ೫೦ ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ, ಷಾಸಿ, ಮೈ, ಎಂಜಿನ್‌ಗಳಲ್ಲಿ ಭಾರಿ ಮಾರ್ಪಾಟಿಲ್ಲದ ವಾಹನಗಳನ್ನು 'ವಿಎ' ಎಂಬ ಪ್ರತ್ಯೇಕ ಶ್ರೇಣಿಯಲ್ಲಿ ನೋಂದಾಯಿಸಬಹುದು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ ಮುಂತಾದ ಕಾರಣಗಳಿಗಷ್ಟೇ ಅವು ರಸ್ತೆಗಿಳಿಯಬಹುದು, ಬಾಡಿಗೆ ಓಡಿಸುವಂತಿಲ್ಲ. ಹಳೆಯ ಕಾರುಗಳನ್ನು ಕಣ್ಣಾರೆ ಕಾಣಬಯಸುವ ಮಕ್ಕಳಿಗೆ ಧರ್ಮಸ್ಥಳದ ಕಾರು ಸಂಗ್ರಹಾಲಯ ಒಳ್ಳೆಯ ಪಾಠಶಾಲೆ.

ತುಕ್ಕು ಎಂಬ ವೈರಿ

ಕೊಳ್ಳುವುದಕ್ಕಿಂತ ಕಾಪಾಡುವುದು ದೊಡ್ಡದು. ಇ-ಟೈಪ್‌ನ ಚಿಪ್ಪೇ ಅದರ ಎಲುಬಾದ್ದರಿಂದ ತುಕ್ಕು ಹಿಡಿದರೆ ಅಂದ ಮಾತ್ರ ಕೆಡುವುದಿಲ್ಲ, ಬಲವೇ ಹೋಗುತ್ತದೆ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗದ ಒಳಗೆ ನೀರು ನಿಂತು, ಹೊರಗೆ ಮಿರಮಿರ ಮಿಂಚುವಾಗಲೇ ಒಳಗೆ ಗೆದ್ದಲು ಹಿಡಿದ ಮರದಂತಾಗಿರುತ್ತದೆ. ಹೊಳೆಯುವ ಬಣ್ಣ ನೋಡಿ ಮೋಸಹೋದವರು ಬಹಳ.

ಗಲ್‌ವಿಂಗ್‌ನ ವೈರಿ ನಿಲುಗಡೆ. ಸ್ವಿಚ್ ಆರಿಸಿದ ಮೇಲೂ ಎಂಜಿನ್ ಪೂರ್ತಿ ನಿಲ್ಲುವವರೆಗೆ ಕೆಲವು ಕ್ಷಣ ಪಂಪು ಪೆಟ್ರೋಲ್ ಚಿಮ್ಮಿಸುತ್ತಲೇ ಇರುತ್ತದೆ. ಉರಿಯದ ಆ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯ ಪೊರೆಯನ್ನು ತೊಳೆದು ಎಂಜಿನ್ ಎಣ್ಣೆಯೊಡನೆ ಬೆರೆಯುತ್ತದೆ. ದೂರ ಓಡಿಸಿದರೆ ಎಣ್ಣೆ ಕಾದು ಪೆಟ್ರೋಲ್ ಆವಿಯಾಗುತ್ತದೆ. ಹತ್ತಿರದ ಓಡಾಟಕ್ಕೇ ಬಳಸಿದರೆ ಎಣ್ಣೆ ತೆಳುವಾಗಿ ಎಂಜಿನ್ ಸವೆಯುತ್ತದೆ. ಗಾಜಿನ ಮನೆಯಲ್ಲಿಟ್ಟು ಪೂಜಿಸುವವರಿಗಿಂತ ಓಡಿಸಿ ಎಣ್ಣೆ ಬದಲಿಸುವವರ ಕೈಯಲ್ಲೇ ಈ ಕಾರು ಚೆನ್ನಾಗಿರುತ್ತದೆ.

ಇದಕ್ಕೆಲ್ಲ ನುರಿತ ಕೈಗಳು ಬೇಕು. ತಗಡನ್ನು ಬಡಿದು ಬಾಗಿಸುವವರು, ಹಳೆಯ ಪಂಪನ್ನು ಬಿಚ್ಚಿ ಹೊಂದಿಸುವವರು ಜಗತ್ತಿನಾದ್ಯಂತ ಕಡಿಮೆಯಾಗುತ್ತಿದ್ದಾರೆ. ಟಿಂಕರಿಂಗ್ ಕೆಲಸ ಓದಿನಲ್ಲಿ ಹಿಂದುಳಿದವರಿಗೆ ಎಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ಕೋಟಿಗಟ್ಟಲೆ ಬೆಲೆಯ ಕಾರಿನ ಪ್ರಾಣ ಕೊನೆಗೆ ಅಂಥ ಒಬ್ಬ ಕೆಲಸಗಾರನ ಬೆರಳತುದಿಯಲ್ಲಿದೆ ಎಂಬುದನ್ನು ತಂದೆತಾಯಿಗಳು ಯೋಚಿಸಬೇಕು.

ಯಾವುದು ಮೇಲು?

ತಾಂತ್ರಿಕ ಸಾಹಸವೇ ಮುಖ್ಯವೆನ್ನುವವರು ಗಲ್‌ವಿಂಗ್‌ಗೆ ಕೈಯೆತ್ತುತ್ತಾರೆ. ಕೈಯಲ್ಲಿದ್ದ ಭಾರದ ಎಂಜಿನ್ನನ್ನೇ ಇಟ್ಟುಕೊಂಡು ಬುದ್ಧಿಯ ಬಲದಿಂದ ಗೆದ್ದ ಕಾರು ಅದು. ಆದರೆ ಓಡಿಸಲು, ಕಲಿಯಲು, ಸ್ವತಃ ಬಿಚ್ಚಿ ಜೋಡಿಸಲು ಬಯಸುವ ಸಂಗ್ರಾಹಕನಿಗೆ ಇ-ಟೈಪೇ ಸರಿ. ಬಿಡಿಭಾಗ ಸಿಗುತ್ತದೆ, ಬ್ರೇಕು ಹಿಡಿಯುತ್ತದೆ, ತಿರುವಿನಲ್ಲಿ ಕೈಕೊಡುವುದಿಲ್ಲ. ಹೆಚ್ಚಿನ ವೇಗ ಕೆಲವೇ ಸಿರಿವಂತರ ಸೊತ್ತಾಗಿದ್ದ ಕಾಲದಲ್ಲಿ ಅದನ್ನು ಇನ್ನಷ್ಟು ಜನರ ಕೈಗೆ ತಂದುಕೊಟ್ಟ ಹಿರಿಮೆಯೂ ಅದರದೇ. ಬೆಲೆ ಹತ್ತರಲ್ಲೊಂದು ಪಾಲು ಎಂದ ಮಾತ್ರಕ್ಕೆ ಯೋಗ್ಯತೆ ಹತ್ತರಲ್ಲೊಂದು ಪಾಲಲ್ಲ.

ಇನ್ನೊಂದು ಸಂಗತಿ. ಊಲೆನ್‌ಹೌಟ್ ಹೆಸರಿನಲ್ಲೇ ಕರೆಯಲಾಗುವ ೩೦೦ ಎಸ್ಎಲ್ಆರ್ ಎಂಬ ಕಾರುಗಳು ೧೯೫೫ರಲ್ಲಿ ಎರಡೇ ಎರಡು ತಯಾರಾದವು. ಹೆಸರಿನಲ್ಲಿ ಗಲ್‌ವಿಂಗ್‌ನ ಸೋದರ, ಎಂಜಿನ್ ಮಾತ್ರ ಬೇರೆ. ಅವುಗಳಲ್ಲಿ ಒಂದನ್ನು ಕಂಪೆನಿಯು ೨೦೨೨ರ ಮೇ ತಿಂಗಳಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಹರಾಜು ಹಾಕಿದಾಗ ೧೩ ಕೋಟಿ ೫೦ ಲಕ್ಷ ಯೂರೋ ಬಂತು. ಅದಕ್ಕೂ ಮೊದಲು ಯಾವ ಕಾರೂ ಹರಾಜಿನಲ್ಲಿ ಅಷ್ಟು ಬೆಲೆಗೆ ಹೋಗಿರಲಿಲ್ಲ. ಆ ಹಣವನ್ನು ಪರಿಸರ ವಿಜ್ಞಾನ ಮತ್ತು ಇಂಗಾಲದ ಹೊಗೆ ತಗ್ಗಿಸುವ ಸಂಶೋಧನೆಗಳಲ್ಲಿ ತೊಡಗುವ ಎಳೆಯರ ವಿದ್ಯಾರ್ಥಿವೇತನದ ನಿಧಿಗೆ ತೆಗೆದಿಡಲಾಯಿತು. ಹೊಗೆ ಉಗುಳುತ್ತ ಓಡಿದ ಕಾರು ಹೊಗೆ ತಗ್ಗಿಸುವ ಓದಿಗೆ ನೆರವಾಯಿತು!

ಜೀವಮಾನವಿಡೀ ಕಾರುಗಳನ್ನೇ ರೂಪಿಸಿದ ಊಲೆನ್‌ಹೌಟ್ ಅವರಿಗೆ ಸ್ವಂತದ್ದೆಂದು ಒಂದು ಕಾರೂ ಇರಲಿಲ್ಲವೆಂಬುದು ಪ್ರಸಿದ್ಧ. ಕಾರನ್ನು ಸಂಗ್ರಹಿಸಿದವರು ಅದನ್ನು ಮಾರಬಹುದು, ಕಳೆದುಕೊಳ್ಳಬಹುದು. ತ್ರಿಕೋನದ ಬಲವನ್ನು ಅರಿತವನಿಂದ ಆ ಅರಿವನ್ನು ಯಾರೂ ಹರಾಜಿಗೆ ಹಾಕಿಸಲಾರರು.